ಹಳೆಯ ಹಡಗಿಗೆ ಹೊಸ ಕಸಬು

ಚಾರ್ಲ್ಸ್ ಡಾರ್ವಿನ್ನನು ಬೀಗಲ್ ಎಂಬ ಹಡಗನ್ನೇರಿ ಭೂಪ್ರದಕ್ಷಿಣೆ ಮಾಡಿ ಬಂದನೆಂಬುದನ್ನು ನಮ್ಮ ವಾಚಕರಲ್ಲಿ ಹೆಚ್ಚಿನವರು ಪಠ್ಯಪುಸ್ತಕದಲ್ಲಿ ಓದಿಯೇ ಇರುತ್ತಾರೆ. ಆತನು ಕಂಡ ಹಕ್ಕಿಗಳು, ಆಮೆಗಳು, ನೆಲದಿಂದ ಅಗೆದು ತೆಗೆದ ಎಲುಬುಗಳು, ಇವುಗಳ ವಿಚಾರವೂ ಅವರಿಗೆ ಹೊಸದಲ್ಲ. ಆದರೆ ಆ ಹಡಗಿನ ವಿಚಾರ? ಅದನ್ನು ಯಾರು ಯಾವ ಉದ್ದೇಶಕ್ಕಾಗಿ ಕಟ್ಟಿದರು, ವಿಜ್ಞಾನದ ಕೆಲಸಕ್ಕೆ ಅದು ಹೇಗೆ ಒದಗಿತು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುವರು. ಉಪಕರಣವನ್ನು ಹೊಗಳಿ ಅದನ್ನಿಟ್ಟ ಮೇಜನ್ನು ಮರೆಯುವುದು ಲೋಕದ ರೂಢಿ. ಬೀಗಲ್ ಆದರೋ ಬರಿಯ ಮೇಜಾಗಿರಲಿಲ್ಲ. ಯುದ್ಧಕ್ಕೆಂದು ಹುಟ್ಟಿ, ಯುದ್ಧವಿಲ್ಲದೆ ಕೊಳೆಯುತ್ತ ಬಿದ್ದಿದ್ದ ಆ ಹಡಗನ್ನು ಬಡಗಿಗಳೂ ಕಮ್ಮಾರರೂ ಎರಡು ಸಲ ಬಿಚ್ಚಿ ತಿದ್ದದೆ ಇದ್ದಿದ್ದರೆ, ಡಾರ್ವಿನ್ನನು ದಕ್ಷಿಣ ಅಮೆರಿಕದ ತುದಿಯ ಕಡಲಿನಲ್ಲಿ ಹೆಸರಿಲ್ಲದೆ ಮುಳುಗಿಹೋಗುವ ಸಂಭವವೇ ಹೆಚ್ಚಾಗಿದ್ದಿತು.

ಮೊದಲಿಗೆ ಅದರ ಹುಟ್ಟನ್ನು ನೋಡೋಣ. ಇಂಗ್ಲೆಂಡು ನೆಪೋಲಿಯನ್ನನೊಡನೆ ಸೆಣಸುತ್ತಿದ್ದ ಕಾಲ. ಅಲ್ಲಿಯ ನೌಕಾಪಡೆಗೆ ದೊಡ್ಡ ಯುದ್ಧನೌಕೆಗಳಲ್ಲದೆ, ಸುದ್ದಿ ಒಯ್ಯಲು, ಕಾವಲು ತಿರುಗಲು, ವ್ಯಾಪಾರದ ಹಡಗುಗಳಿಗೆ ಬೆಂಗಾವಲಾಗಿ ಹೋಗಲು ಚಿಕ್ಕ ಹಡಗುಗಳೂ ಹೇರಳವಾಗಿ ಬೇಕಾಗಿದ್ದುವು. 1807ರಲ್ಲಿ ಸರ್ ಹೆನ್ರಿ ಪೀಕ್ ಎಂಬ ನೌಕಾಶಿಲ್ಪಿಯು ಇಂಥದೊಂದು ಹಡಗಿನ ನಕ್ಷೆಯನ್ನು ಸಿದ್ಧಪಡಿಸಿದನು. ಎರಡು ಕೂವೆಮರ, ಹತ್ತು ಫಿರಂಗಿ. ಇಂಥ ಎರಡು ಕೂವೆಯ ಹಡಗಿಗೆ ಬ್ರಿಗ್ ಎಂದು ಹೆಸರು. ಈ ಮಾದರಿಗೆ ಚೆರೋಕಿ ವರ್ಗವೆಂಬ ಹೆಸರು ಬಂದಿತು. ಕಟ್ಟಲು ಸುಲಭ, ಖರ್ಚೂ ಕಡಮೆ. ಆದುದರಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ನೂರಕ್ಕೂ ಹೆಚ್ಚು ಹಡಗುಗಳು ಈ ನಕ್ಷೆಯಿಂದ ಹೊರಬಿದ್ದುವು. ಬೀಗಲ್ ಅವುಗಳಲ್ಲಿ ಒಂದು. ಥೇಮ್ಸ್ ನದಿಯ ದಡದ ವುಲಿಚ್ ಹಡಗುಕಟ್ಟೆಯಲ್ಲಿ 1820ನೆಯ ಮೇ 11ರಂದು ಅದನ್ನು ನೀರಿಗಿಳಿಸಿದರು. ಅದಕ್ಕೆ ತಗಲಿದ ವೆಚ್ಚ 7,803 ಪೌಂಡು. ಉದ್ದ 90 ಅಡಿ, ಎಂದರೆ ಸುಮಾರು 27.5 ಮೀಟರು, ಅಗಲ ಇಪ್ಪತ್ತನಾಲ್ಕೂವರೆ ಅಡಿ, ನೀರಿನೊಳಗೆ ಇಳಿಯುವ ಆಳ ಹನ್ನೆರಡೂವರೆ ಅಡಿ. ಟೆನ್ನಿಸ್ ಆಡುವ ಅಂಗಣವನ್ನು ನೀವು ನೋಡಿರುವಿರಷ್ಟೆ. ಅದಕ್ಕಿಂತ ಮೂರುನಾಲ್ಕು ಮೀಟರು ಉದ್ದ, ಅಗಲದಲ್ಲಿ ಅದಕ್ಕಿಂತಲೂ ಕಿರಿದು. ಇಷ್ಟು ಜಾಗದಲ್ಲಿ ಮುಂದೆ 74 ಮಂದಿ ಕಡಲಯಾನಕ್ಕೆ ಹೊರಡಬೇಕಾಗಿದ್ದಿತು.

ಹಡಗು ನೀರಿಗಿಳಿಯುವ ಹೊತ್ತಿಗೆ ಯುದ್ಧ ಮುಗಿದು ಐದು ವರ್ಷಗಳಾಗಿದ್ದುವು. ಕಾದಲು ಶತ್ರುವಿಲ್ಲ, ನಾವಿಕರಿಗೆ ಸಂಬಳ ಕೊಡಲು ಸರಕಾರಕ್ಕೆ ಮನಸ್ಸಿಲ್ಲ. ಕೆಲಸವಿಲ್ಲದೆ ಅದು ಇನ್ನೂ ಐದು ವರ್ಷ ಲಂಗರು ಹಾಕಿಕೊಂಡು ನಿಂತಿತು.

ಈ ವರ್ಗದ ಹಡಗುಗಳಿಗೆ ನಾವಿಕರಲ್ಲಿ ಒಳ್ಳೆಯ ಹೆಸರೇನೂ ಇರಲಿಲ್ಲ. ಅವರು ಇವನ್ನು ಶವಪೆಟ್ಟಿಗೆಗಳೆಂದು ಕರೆಯುತ್ತಿದ್ದರು. ಇಂಥ ಹಡಗುಗಳು ಬಿರುಗಾಳಿಗೆ ಸಿಕ್ಕಿ ಮುಳುಗಿದ್ದು, ಹೊರಟ ಮೇಲೆ ಸುದ್ದಿಯೇ ಬಾರದೆ ಹೋದದ್ದು ಹಲವು ಸಲ ಆಗಿದ್ದಿತು. ಇದಕ್ಕೆ ಕಾರಣವೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಏಕೆಂದರೆ ಮುಂದೆ ಮಾಡಿದ ಮಾರ್ಪಾಟಿನ ಮರ್ಮವೆಲ್ಲ ಇಲ್ಲಿಯೇ ಇದೆ.

ಹಡಗಿನ ಮೇಲಟ್ಟವನ್ನು ಡೆಕ್ ಎನ್ನುತ್ತಾರೆ. ಚೆರೋಕಿ ವರ್ಗದ ಹಡಗುಗಳಲ್ಲಿ ಈ ಮೇಲಟ್ಟವು ನೀರಿನ ಮಟ್ಟಕ್ಕಿಂತ ಬಹಳ ಎತ್ತರದಲ್ಲಿರಲಿಲ್ಲ. ಅದರ ಸುತ್ತಲೂ ಫಿರಂಗಿಗಳಿಗೂ ಆಳುಗಳಿಗೂ ಮರೆಯಾಗಿ ಎತ್ತರದ ಮರದ ಮೋಟುಗೋಡೆ. ಆದುದರಿಂದ ಹಡಗಿನ ನಡುಭಾಗವು ಆಳವಾದ ತೊಟ್ಟಿಯ ಹಾಗಿದ್ದಿತು. ದೊಡ್ಡ ಅಲೆಯೊಂದು ಪಕ್ಕದಿಂದ ಏರಿ ಬಂದು ಈ ತೊಟ್ಟಿಯನ್ನು ತುಂಬಿದರೆ ನೀರು ಬೇಗನೆ ಹೊರಹೋಗಲು ದಾರಿಯಿಲ್ಲ. ಹದಿನೈದು ಮೀಟರು ಉದ್ದ, ಆರು ಮೀಟರು ಅಗಲದ ತೊಟ್ಟಿಯೆಂದೇ ಇಟ್ಟುಕೊಳ್ಳೋಣ. ಅದರಲ್ಲಿ ಒಂದು ಮೀಟರು ನೀರು ನಿಂತರೆ ಅದರ ತೂಕ 90 ಟನ್ನು! ಅಳತೆಯಲ್ಲಿ 235 ಟನ್ನಿನ ಹಡಗಿನ ನೆತ್ತಿಯ ಮೇಲೆ ಈ ಹೊರೆ ಬಂದು ಕೂತರೆ ಏನಾದೀತು? ತೂಕಕ್ಕಿಂತಲೂ ಕೇಡಿನ ಸಂಗತಿ ಇನ್ನೊಂದಿದೆ. ಅಗಲವಾದ ಹರಿವಾಣದಲ್ಲಿ ನೀರು ತುಂಬಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ಹರಿವಾಣವು ಎಳ್ಳಷ್ಟು ಓರೆಯಾದರೂ ನೀರೆಲ್ಲ ಆ ಕಡೆಗೇ ನುಗ್ಗಿ ಓರೆಯನ್ನು ಇಮ್ಮಡಿಸುತ್ತದೆ. ಅದೇ ನೀರನ್ನು ಒಂದು ಚೊಂಬಿನಲ್ಲಿ ಹಿಡಿದು ನಡೆದರೆ ಈ ತೊಂದರೆಯಿಲ್ಲ. ಹಡಗು ಎಡಕ್ಕೆ ವಾಲಿದಾಗ ಮೇಲಟ್ಟದ ನೀರೂ ಎಡಕ್ಕೇ ಹರಿದು, ವಾಲಿದುದನ್ನು ಮತ್ತಷ್ಟು ವಾಲಿಸುತ್ತದೆ. ಅದು ನೆಟ್ಟಗಾಗುವ ಮೊದಲೇ ಎರಡನೆಯ ಅಲೆ ಬಂದರೆ ಕತೆ ಮುಗಿದಂತೆ.

1825ರ ಸೆಪ್ಟೆಂಬರಿನಲ್ಲಿ ಬೀಗಲ್ ಹಡಗಿಗೆ ಹೊಸ ಕೆಲಸ ಗೊತ್ತಾಯಿತು. ದಕ್ಷಿಣ ಅಮೆರಿಕದ ತೆಂಕಣ ಕರಾವಳಿಯ ನಕ್ಷೆಯನ್ನು ತೆಗೆಯುವುದು ಆ ಕೆಲಸ. ಅಲ್ಲಿಯ ಹೊಸ ಗಣರಾಜ್ಯಗಳೊಡನೆ ಇಂಗ್ಲೆಂಡಿನ ವ್ಯಾಪಾರ ಬೆಳೆಯುತ್ತಿದ್ದಿತು. ಆದರೆ ಕಡಲಿನ ಆಳ, ಬಂಡೆಗಳ ಜಾಗ, ಲಂಗರು ಹಾಕಬಹುದಾದ ಕೊಲ್ಲಿಗಳು, ಇವುಗಳ ಸರಿಯಾದ ನಕ್ಷೆ ಇರಲಿಲ್ಲ. ಹೀಗೆ ಹಳೆಯ ಹಡಗಿಗೆ ಹೊಸ ಕಸಬು ಕಲಿಸುವುದು ಆ ನೌಕಾಪಡೆಗೆ ಹೊಸದೇನಲ್ಲ. ಕ್ಯಾಪ್ಟನ್ ಕುಕ್ಕನ ಎಂಡೆವರ್ ಹಡಗು ಮೂಲತಃ ಕಲ್ಲಿದ್ದಲು ಸಾಗಿಸುವ ನಾವೆ. 1764ರಲ್ಲಿ ವಿಟ್ಬಿ ಪಟ್ಟಣದಲ್ಲಿ ಕಟ್ಟಿದ ಅದನ್ನು 1768ರಲ್ಲಿ ಕೊಂಡು ಮಾರ್ಪಡಿಸಿದರು. ಆದರೆ ಅದು ಬುದ್ಧಿವಂತಿಕೆಯ ಆಯ್ಕೆಯಾಗಿದ್ದಿತು. ಚಪ್ಪಟೆ ತಳ, ದೊಡ್ಡ ಹೊಟ್ಟೆ, ಗಟ್ಟಿ ಮೈ. ಬೀಗಲ್ ಹಾಗಲ್ಲ. ಅಗ್ಗವಾಗಿ ಕೈಗೆ ಸಿಕ್ಕಿತೆಂಬುದನ್ನು ಬಿಟ್ಟರೆ ಅದನ್ನು ಆರಿಸಲು ಬೇರೆ ಕಾರಣ ಕಾಣುವುದಿಲ್ಲ ಎಂದೇ ಈ ಲೇಖಕನ ಅಭಿಪ್ರಾಯ.

ಈ ಸಲ ಮಾಡಿದ ಮುಖ್ಯ ಮಾರ್ಪಾಟುಗಳು ಎರಡು. ಹತ್ತು ಫಿರಂಗಿಗಳಲ್ಲಿ ನಾಲ್ಕನ್ನು ಇಳಿಸಿ ಆರನ್ನು ಉಳಿಸಿಕೊಂಡರು. ಇದರಿಂದ ಮೇಲುಭಾಗದ ಹೊರೆ ಇಳಿಯಿತು. ಎರಡನೆಯದಾಗಿ, ಹಿಂಭಾಗದಲ್ಲಿ ಮೂರನೆಯ ಕೂವೆಮರವೊಂದನ್ನು ನೆಟ್ಟು, ಬ್ರಿಗ್ ಆಗಿದ್ದುದನ್ನು ಬಾರ್ಕ್ ಎಂಬ ಜಾತಿಯ ಹಡಗನ್ನಾಗಿ ಮಾಡಿದರು. ಒಂದು ಕಂಬ ನೆಟ್ಟರೆ ಏನು ಬಂತು ಎಂದು ಕೇಳಬಹುದು. ನಕ್ಷೆ ತೆಗೆಯುವ ಹಡಗು ತೆರೆದ ಕಡಲಿನಲ್ಲಿ ನೇರವಾಗಿ ಓಡುವುದಿಲ್ಲ. ದಡಕ್ಕೆ ಹತ್ತಿರವಾಗಿ, ಬಂಡೆಗಳ ನಡುವೆ, ಆಗಾಗ ದಿಕ್ಕು ಬದಲಿಸುತ್ತ ತೆವಳಬೇಕು. ಬಾಗಿಲನ್ನು ತಿರುಗಿಸಬೇಕಾದರೆ ನಾವು ಅದರ ತಿರುಗಣಿಯ ಬಳಿ ಒತ್ತುತ್ತೇವೆಯೋ ಅಂಚಿನ ಬಳಿ ಒತ್ತುತ್ತೇವೆಯೋ? ಹಡಗಿನ ಹಿಂತುದಿಯಲ್ಲಿ ಒಂದು ಚಿಕ್ಕ ಹಾಯಿಯನ್ನು ಕಟ್ಟಿದರೂ ಅದು ಹಡಗಿನ ನಡುವಿನಿಂದ ದೂರವಿರುವುದರಿಂದ, ಅದರ ಮೇಲೆ ಬೀಳುವ ಗಾಳಿಯ ಬಲ ಹಡಗನ್ನು ಸುಲಭವಾಗಿ ತಿರುಗಿಸುತ್ತದೆ. ಚುಕ್ಕಾಣಿಯ ಕೆಲಸಕ್ಕೆ ಹಾಯಿಯ ಸಹಾಯ ಸಿಕ್ಕಂತಾಯಿತು. ಅಲ್ಲದೆ, ಬ್ರಿಗ್ಗಿನ ಹಿಂಗೂವೆಯಲ್ಲಿರುವ ಭಾರಿ ಹಾಯಿಗಿಂತ ಈ ಚಿಕ್ಕ ಹಾಯಿಯನ್ನು ನಾಲ್ಕಾರು ಆಳುಗಳೇ ಸಂಬಾಳಿಸಬಹುದು. ಈ ಸಲದ ಖರ್ಚು 5,913 ಪೌಂಡು.

1826ರಿಂದ 1830ರ ವರೆಗಿನ ಮೊದಲ ಯಾನದ ಕತೆ ದೀರ್ಘವಾದದ್ದು, ದುಃಖದ್ದೂ ಹೌದು. ಮೆಗೆಲನ್ ಜಲಸಂಧಿಯ ಚಳಿ, ಮಳೆ, ಏಕಾಂತಗಳಲ್ಲಿ ಹಡಗಿನ ನಾಯಕ ಪ್ರಿಂಗಲ್ ಸ್ಟೋಕ್ಸನು 1828ರಲ್ಲಿ ತನ್ನನ್ನು ತಾನೇ ಗುಂಡಿಟ್ಟುಕೊಂಡು ಸತ್ತನು. ಆತನ ಜಾಗಕ್ಕೆ ರಾಬರ್ಟ್ ಫಿಟ್ಸ್‌ರಾಯ್ ಎಂಬ ಇಪ್ಪತ್ತಮೂರರ ತರುಣನು ಬಂದನು. ಮುಂದೆ ಬೀಗಲ್ ಹಡಗು ಏನಾಯಿತೋ ಅದರಲ್ಲಿ ಬಹುಪಾಲು ಈ ಮನುಷ್ಯನ ಛಲ ಮತ್ತು ಜೇಬಿನ ಫಲ.

ಎರಡನೆಯ ಯಾನಕ್ಕೆ ಹಡಗನ್ನು ಸಿದ್ಧಗೊಳಿಸಬೇಕೆಂದು 1831ರಲ್ಲಿ ಡೆವನ್‌ಪೋರ್ಟ್ ಹಡಗುಕಟ್ಟೆಗೆ ತಂದು ನೋಡಿದರೆ, ಮರದ ಮೈ ಅಲ್ಲಲ್ಲಿ ಕುಂಬಾಗಿದ್ದಿತು. ಮೇಲಟ್ಟವನ್ನು ಹೊಸದಾಗಿಯೇ ಹಾಸಬೇಕಾಯಿತು. ಹೇಗೂ ಹೊಸದು ಹಾಸಬೇಕು. ಹಾಗಾದರೆ ಹಳೆಯ ಮಟ್ಟದಲ್ಲಿಯೇ ಏಕೆ ಹಾಸಬೇಕು ಎಂದು ಫಿಟ್ಸ್‌ರಾಯ್ ಕೇಳಿದನು. ಅವನ ಬೇಡಿಕೆಯಂತೆ ಮೇಲಟ್ಟವನ್ನು ಹಿಂದುಗಡೆ 8 ಅಂಗುಲ, ಮುಂದುಗಡೆ 12 ಅಂಗುಲ ಎತ್ತರಿಸಿದರು. ಒಂದು ಗೇಣಿಗಿಂತ ಹೆಚ್ಚೂಕಡಮೆಯಾದ ಈ ಎತ್ತರದಿಂದ ಆದ ಲಾಭವನ್ನು ನೋಡಿರಿ. ಮೋಟುಗೋಡೆಯ ತುದಿ ಇದ್ದಲ್ಲಿಯೇ ಇದ್ದು ಅಟ್ಟ ಮೇಲಕ್ಕೆ ಬಂದುದರಿಂದ ತೊಟ್ಟಿಯ ಆಳ ತಗ್ಗಿತು. ಸರಾಸರಿ ಹತ್ತು ಅಂಗುಲವೆಂದು ಹಿಡಿದರೂ, ಮೇಲೆ ಹೇಳಿದ ನಮ್ಮ ಲೆಕ್ಕದ ತೊಟ್ಟಿಯಲ್ಲಿ ಇಪ್ಪತ್ತು ಟನ್ನಿಗೂ ಮಿಕ್ಕಿದ ನೀರಿಗೆ ಜಾಗವಿಲ್ಲದಂತಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ಲಾಭ ಮತ್ತೊಂದು. ಹಡಗು ವಾಲಿದಾಗ ಅದನ್ನು ನೆಟ್ಟಗೆ ನಿಲ್ಲಿಸುವುದು ನೀರು ಕೆಳಗಿನಿಂದ ಕೊಡುವ ಎತ್ತುಬಲ. ವಾಲಿದ ಬದಿಯಲ್ಲಿ ಹಡಗಿನ ಮೈ ಹೆಚ್ಚು ಹೆಚ್ಚಾಗಿ ನೀರಿನಲ್ಲಿ ಮುಳುಗುವುದರಿಂದ ಎತ್ತುಬಲವು ಆ ಬದಿಗೆ ಸರಿದು, ಹಡಗನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಮೇಲಟ್ಟದ ಅಂಚು ನೀರಿನೊಳಗೆ ಹೋಯಿತೋ, ಮುಳುಗಿಸಲು ಇನ್ನು ಮೈಯೇ ಉಳಿಯುವುದಿಲ್ಲ. ಹಿಂದಕ್ಕೆ ತಳ್ಳುವ ಬಲ ಕುಂದುತ್ತ ಹೋಗುತ್ತದೆ. ಅಟ್ಟ ಎತ್ತರವಾದಷ್ಟೂ ಆ ಗಳಿಗೆ ತಡವಾಗಿ ಬರುತ್ತದೆ. ಹಡಗಿನ ಗುರುತ್ವಕೇಂದ್ರವು ಈ ಮಾರ್ಪಾಟಿನಿಂದ ತುಸು ಮೇಲೇರಿತೆಂಬುದು ನಿಜ, ಅದು ನಷ್ಟವೇ. ಲಾಭವು ನಷ್ಟಕ್ಕಿಂತ ದೊಡ್ಡದಾಗಿದ್ದಿತು. ಕಡಲಿನಲ್ಲಿ ಹಡಗಿನ ನಡತೆಯೂ ಒಳಗಿದ್ದವರ ಸೌಕರ್ಯವೂ ಇದರಿಂದ ಬಹಳ ಉತ್ತಮಗೊಂಡುವೆಂದು ಫಿಟ್ಸ್‌ರಾಯ್ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಕೆಳಗಿನ ಅಂತಸ್ತಿನಲ್ಲಿ ತಲೆ ಬಗ್ಗಿಸಿ ನಡೆಯುತ್ತಿದ್ದವರಿಗೆ ಆ ಕೆಲವು ಅಂಗುಲಗಳ ಬೆಲೆ ಚೆನ್ನಾಗಿ ತಿಳಿದಿದ್ದಿರಬೇಕು!

ಇನ್ನು ತಳದ ಮಾತು. ಬೆಚ್ಚನೆಯ ಕಡಲಿನಲ್ಲಿ ಮರದ ಹಡಗಿಗೆ ಬಿರುಗಾಳಿಗಿಂತ ದೊಡ್ಡ ಶತ್ರುವೊಂದಿದೆ. ಅದು ಮರವನ್ನು ಕೊರೆಯುವ ಹುಳು. ಹುಳುವೆಂದು ರೂಢಿಯ ಹೆಸರೇ ಹೊರತು, ನಿಜವಾಗಿ ಅದು ಕಪ್ಪೆಚಿಪ್ಪಿನ ಬಳಗಕ್ಕೆ ಸೇರಿದ ಮೃದ್ವಂಗಿ. ಅದರ ತಲೆಯ ಬಳಿ ಎರಡು ಪುಟ್ಟ ಚಿಪ್ಪುಗಳಿವೆ. ಅವನ್ನು ಅರದಂತೆ ಉಜ್ಜಿ ಉಜ್ಜಿ ಮರದೊಳಗೆ ಸುರಂಗ ತೋಡುತ್ತದೆ. ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತು; ಒಳಗೆ ಹಲಗೆಯೆಲ್ಲ ಜೇನುಹಟ್ಟಿ. ಇದರಿಂದ ಪಾರಾಗಲು ಬೀಗಲ್ ಹಡಗಿನ ತಳಕ್ಕೆ ಮೂರು ಹೊದಿಕೆಗಳನ್ನು ಹೊದಿಸಿದರು. ಮೊದಲು ಎರಡು ಅಂಗುಲ ದಪ್ಪದ ಫರ್ ಮರದ ಹಲಗೆ, ಅದರ ಮೇಲೆ ಉಣ್ಣೆಯ ಕಂಬಳಿಯಂಥ ಫೆಲ್ಟು, ಅದರ ಮೇಲೆ ಹೊಸ ತಾಮ್ರದ ತಗಡು. ಹಡಗಿನ ಭಾರವು ಇದರಿಂದ ಹದಿನೈದು ಟನ್ನು ಹೆಚ್ಚಿತು. 235 ಟನ್ನಿನ ಅಳತೆಯ ಹಡಗು 242 ಟನ್ನಿನದಾಯಿತು.

ತಾಮ್ರದ ಹೊದಿಕೆಯ ಚರಿತ್ರೆಯು ರಸಾಯನಶಾಸ್ತ್ರ ಓದುವವರಿಗೆ ಸೊಗಸಾದ ಪಾಠ. ಇಂಗ್ಲೆಂಡಿನ ನೌಕಾಪಡೆಯವರು 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ಮೊದಲ ಸಲ ತಾಮ್ರ ಹೊದಿಸಿ ನೋಡಿದರು. ಹುಳು ಹತ್ತಲಿಲ್ಲ, ಪಾಚಿಯೂ ಬೆಳೆಯಲಿಲ್ಲ. ಆದರೆ ತಾಮ್ರಕ್ಕೆ ತಗಲಿಕೊಂಡಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದುವು. ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಮುಟ್ಟಿಕೊಂಡು ನಿಂತರೆ ಅದೊಂದು ವಿದ್ಯುತ್ಕೋಶವೇ ಆಗುತ್ತದೆಂಬುದು ಆಗ ತಿಳಿದಿರಲಿಲ್ಲ. ವೋಲ್ಟನು ತನ್ನ ಕೋಶವನ್ನು ಲೋಕಕ್ಕೆ ತೋರಿಸಿದ್ದು ಇನ್ನೂ ನಾಲ್ವತ್ತು ವರ್ಷಗಳ ಮೇಲೆ. ಕಬ್ಬಿಣದ ಬದಲು ತಾಮ್ರದ ಮಿಶ್ರಲೋಹದ ಮೊಳೆಗಳನ್ನು ಬಳಸತೊಡಗಿದ ಮೇಲೆ ಆ ತೊಂದರೆ ನೀಗಿತು. ಆಮೇಲೆ 1824ರಲ್ಲಿ ಸರ್ ಹಂಫ್ರಿ ಡೇವಿಯು ಇದೇ ತತ್ತ್ವವನ್ನು ತಲೆಕೆಳಗು ಮಾಡಿ, ತಾಮ್ರವೂ ಸವೆಯದಂತೆ ಮಾಡಲು ಅದಕ್ಕೆ ಕಬ್ಬಿಣದ ತುಂಡುಗಳನ್ನು ಅಂಟಿಸಿದನು. ಕಬ್ಬಿಣ ತಾನು ಕರಗಿ ತಾಮ್ರವನ್ನು ಉಳಿಸಿತು. ಆದರೇನು? ಉಳಿದ ತಾಮ್ರದ ಮೇಲೆ ಚಿಪ್ಪುಜೀವಿಗಳೂ ಪಾಚಿಯೂ ದಟ್ಟವಾಗಿ ಬೆಳೆದುವು. ತಾಮ್ರವು ಕಿಂಚಿತ್ತಾಗಿ ಕರಗುತ್ತ ನೀರಿಗೆ ವಿಷ ಬಿಡುತ್ತಿದ್ದುದರಿಂದಲೇ ಹಡಗಿನ ತಳ ಅಷ್ಟು ದಿನ ಶುಚಿಯಾಗಿದ್ದಿತು! ಡೇವಿಯ ರಸಾಯನಶಾಸ್ತ್ರ ಸರಿಯಾಗಿಯೇ ಇದ್ದಿತು. ಜೀವಶಾಸ್ತ್ರ ಅಡ್ಡ ಬಂದಿತು. ಬೀಗಲ್ ಹಡಗಿಗೆ ಹೊದಿಸುವ ಹೊತ್ತಿಗೆ ಈ ಎಲ್ಲ ಪಾಠಗಳೂ ಕಲಿತಾಗಿದ್ದುವು.

ಮರದ ವಿಚಾರ ಬಂದುದರಿಂದ ನಮ್ಮ ದೇಶದ ಮಾತೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೀಗಲ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1817ರಲ್ಲಿ, ಮುಂಬಯಿಯ ವಾಡಿಯಾ ಮನೆತನದ ಹಡಗು ಕಟ್ಟುವವರು ಮಲಬಾರಿನ ತೇಗದಿಂದ ಟ್ರಿಂಕೋಮಲಿ ಎಂಬ ಯುದ್ಧನೌಕೆಯನ್ನು ಇದೇ ನೌಕಾಪಡೆಗಾಗಿ ಕಟ್ಟಿದರು. ಇಂಗ್ಲೆಂಡಿನ ಓಕ್ ಮರದಲ್ಲಿರುವ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ತೇಗದಲ್ಲಿ ಆ ದೋಷವಿಲ್ಲ; ಅದರ ಎಣ್ಣೆಯ ಅಂಶ ಮರವನ್ನೂ ಕಾಯುತ್ತದೆ. ಆ ಹಡಗೂ ಮುಂದೆ ವೇಷ ಬದಲಿಸಿ, ಹುಡುಗರಿಗೆ ನಾವಿಕವಿದ್ಯೆ ಕಲಿಸುವ ತರಬೇತಿ ನಾವೆಯಾಗಿ ಬಹುಕಾಲ ದುಡಿಯಿತು. ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಪಟ್ಟಣದಲ್ಲಿ ಅದು ತೇಲುತ್ತಿದೆ.

ಬೀಗಲ್ ಹಡಗಿಗೆ ಹಾಕಿದ ಇನ್ನೊಂದು ಹೊಸ ಸಲಕರಣೆ ಸಿಡಿಲುವಾಹಕ. ಮರದ ಕೂವೆಗೆ ಸಿಡಿಲು ಬಡಿದರೆ ವಿದ್ಯುತ್ತು ಮರದ ಒಳಗಿನ ತೇವದ ಮೂಲಕ ಹರಿದು, ಆ ತೇವವನ್ನು ಕ್ಷಣದಲ್ಲಿ ಆವಿಯಾಗಿಸುತ್ತದೆ. ಆವಿ ಹಿಗ್ಗಿ ಕೂವೆ ಸೌದೆಯಂತೆ ಸೀಳಿಹೋಗುತ್ತದೆ. ತಾನು ಹಿಂದೆ ಕೆಲಸಮಾಡುತ್ತಿದ್ದ ಥೆಟಿಸ್ ಹಡಗಿನ ಕೂವೆಯು ರಿಯೊ ಬಂದರಿನಲ್ಲಿ ಹೀಗೆ ಸಿಡಿಲಿನಿಂದ ಛಿದ್ರವಾದುದನ್ನು ಫಿಟ್ಸ್‌ರಾಯ್ ಕಂಡಿದ್ದನು. ಆ ಕಾಲದಲ್ಲಿ ಸಿಡಿಲಿಗೆಂದು ಹಡಗಿನಲ್ಲಿ ಸರಪಳಿಯೊಂದನ್ನು ಇಟ್ಟಿರುತ್ತಿದ್ದರು. ಮೋಡ ಕವಿದಾಗ ಅದನ್ನು ಕೂವೆಯ ತುದಿಗೆ ಏರಿಸಿ, ಇನ್ನೊಂದು ತುದಿಯನ್ನು ನೀರಿಗೆ ಬಿಡಬೇಕು. ಮೋಡ ಕವಿದಾಗಲೇ ನಾವಿಕರಿಗೆ ನೂರೆಂಟು ಕೆಲಸ. ಸರಪಳಿ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿದ್ದಿತು. ಪ್ಲಿಮತ್ ಊರಿನ ವಿಲಿಯಂ ಸ್ನೋ ಹ್ಯಾರಿಸ್ ಎಂಬುವನು ಇದಕ್ಕೆ ಬೇರೆ ಉಪಾಯ ಹೂಡಿದನು. ಕೂವೆಯ ಉದ್ದಕ್ಕೂ ತೋಡು ತೆಗೆದು ತಾಮ್ರದ ಪಟ್ಟಿಯನ್ನು ಅದರಲ್ಲಿ ಕೂಡಿಸಿ, ಆ ಪಟ್ಟಿಯನ್ನು ಹಡಗಿನ ಒಡಲಿನ ಮೂಲಕ ತಳದ ತಾಮ್ರಕ್ಕೂ ಆ ಮೂಲಕ ಕಡಲಿಗೂ ಜೋಡಿಸಿದನು. ಯಾರೂ ಏನೂ ಮಾಡಬೇಕಾಗಿಲ್ಲ. ವಿದ್ಯುತ್ತಿಗೆ ದಾರಿ ಸದಾ ತೆರೆದಿರುತ್ತದೆ. ನೌಕಾಪಡೆಯ ಹಿರಿಯರಿಗೆ ಇದರಲ್ಲಿ ನಂಬಿಕೆ ಸಾಲದು. ಇಂಥ ಪಟ್ಟಿ ಸಿಡಿಲನ್ನು ಹಡಗಿನೊಳಕ್ಕೆ ಕರೆದಂತಾಗುತ್ತದೆಂಬ ಭಯ ಹಲವರಲ್ಲಿದ್ದಿತು. ಬೀಗಲ್ ಹಡಗಿನ ಮೂರು ಕೂವೆಗಳಿಗೂ ಮೂತಿಯಿಂದ ಮುಂದಕ್ಕೆ ಚಾಚಿದ ಮರಕ್ಕೂ ಈ ಪಟ್ಟಿಗಳನ್ನು ಹಾಕಿದರು. ಐದು ವರ್ಷಗಳಲ್ಲಿ ಹಡಗಿಗೆ ಎರಡು ಸಲವಾದರೂ ಸಿಡಿಲು ಬಡಿದಿರಬೇಕೆಂದು ಫಿಟ್ಸ್‌ರಾಯ್ ನಂಬಿದ್ದನು. ಹಾನಿ ಮಾತ್ರ ಒಂದು ಕೂದಲಿನಷ್ಟೂ ಆಗಲಿಲ್ಲ. 1840ರ ದಶಕದಲ್ಲಿ ನೌಕಾಪಡೆ ಹ್ಯಾರಿಸನ ಏರ್ಪಾಟನ್ನು ತನ್ನ ಹಡಗುಗಳಿಗೆಲ್ಲ ಒಪ್ಪಿಕೊಂಡಿತು.

ಚಿಕ್ಕ ಚಿಕ್ಕ ಮಾರ್ಪಾಟುಗಳು ಇನ್ನೂ ಎಷ್ಟೋ ಉಂಟು. ತೆರೆದ ಬೆಂಕಿಯ ಒಲೆಯನ್ನು ತೆಗೆದು ಮುಚ್ಚಿದ ಕಬ್ಬಿಣದ ಒಲೆಯನ್ನು ಇಟ್ಟರು. ಚುಕ್ಕಾಣಿಯನ್ನು ಹೊಸ ಮಾದರಿಯಲ್ಲಿ ಜೋಡಿಸಿದರು. ಕಬ್ಬಿಣದ ಫಿರಂಗಿಗಳ ಬದಲು ಹಿತ್ತಾಳೆಯವು ಬಂದುವು. ಏಕೆಂದರೆ ಕಬ್ಬಿಣದ ರಾಶಿ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಅದರ ಕಡೆಗೆ ಜಗ್ಗಿ ಸುಳ್ಳು ಹೇಳುತ್ತದೆ. ನಕ್ಷೆ ತೆಗೆಯುವ ಹಡಗಿನಲ್ಲಿ ದಿಕ್ಸೂಚಿ ಸುಳ್ಳು ಹೇಳಿದರೆ ಉಳಿದುದೆಲ್ಲ ವ್ಯರ್ಥವಷ್ಟೆ. ಉಗ್ರಾಣದಲ್ಲಿ ಡಬ್ಬಿಯಲ್ಲಿ ಮುಚ್ಚಿ ಕೆಡದಂತಿಟ್ಟ ಮಾಂಸ, ತರಕಾರಿ, ಸಾರುಗಳು ಐದಾರು ಸಾವಿರ ಡಬ್ಬಿಗಳಷ್ಟು.

ಆದರೆ ಹಡಗಿನ ನಿಜವಾದ ಗರ್ಭಗುಡಿಯೆಂದರೆ ಕಾಲಮಾಪಕಗಳ ಕೋಣೆ. ಕಡಲಿನ ಮೇಲೆ ರೇಖಾಂಶವನ್ನು ತಿಳಿಯಬೇಕಾದರೆ, ಹೊರಟ ಊರಿನಲ್ಲಿ ಈಗ ಗಂಟೆ ಎಷ್ಟು ಎಂಬುದು ತಿಳಿದಿರಬೇಕು. ಇದ್ದ ಜಾಗದ ಗಂಟೆಯನ್ನು ಸೂರ್ಯನಿಂದ ತಿಳಿಯಬಹುದು. ಎರಡಕ್ಕೂ ಇರುವ ಅಂತರವೇ ರೇಖಾಂಶ. ಒಂದು ಗಂಟೆಗೆ 15 ಡಿಗ್ರಿ. ಹೊರಟ ಊರಿನ ಹೊತ್ತನ್ನು ಹೊತ್ತು ತರುವ ನಿಖರವಾದ ಗಡಿಯಾರವೇ ಕಾಲಮಾಪಕ. ಬೀಗಲ್ ಹಡಗಿನಲ್ಲಿ ಇಂಥ 22 ಗಡಿಯಾರಗಳಿದ್ದುವು. ಅವುಗಳಲ್ಲಿ ಸರಕಾರದವು ಹನ್ನೊಂದು ಮಾತ್ರ; ಆರು ಫಿಟ್ಸ್‌ರಾಯ್ ತಾನೇ ತಂದವು; ಉಳಿದವನ್ನು ತಯಾರಕರೂ ಹಿತೈಷಿಯೊಬ್ಬರೂ ಎರವಲು ಕೊಟ್ಟಿದ್ದರು. ಇವನ್ನು ಎಲ್ಲಿ ಇಡಬೇಕು? ಮಕ್ಕಳು ಆಡುವ ಏರುಹಲಗೆಯನ್ನು ನೆನೆಯಿರಿ. ತುದಿಯಲ್ಲಿ ಕೂತವನು ಏರಿಳಿಯುತ್ತಾನೆ. ನಡುವೆ ನಿಂತವನು ಅಲುಗುವುದೇ ಇಲ್ಲ. ಹಾಗೆಯೇ ಹಡಗಿನ ಓಲಾಟ ಅತಿ ಕಡಮೆಯಿರುವ ನಡುಭಾಗದಲ್ಲಿ, ತಗ್ಗಿನಲ್ಲಿ, ಒಂದು ಚಿಕ್ಕ ಕೋಣೆಯನ್ನು ಕಟ್ಟಿ, ಪ್ರತಿಯೊಂದು ಗಡಿಯಾರದ ಪೆಟ್ಟಿಗೆಯನ್ನೂ ಮರದ ಹೊಟ್ಟಿನಲ್ಲಿ ಹುಗಿದು ಕೂಡಿಸಿದರು. ದಿನವೂ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಕೀಲಿ ಕೊಡಬೇಕು. ಈ ಕೆಲಸಕ್ಕಾಗಿ ಫಿಟ್ಸ್‌ರಾಯ್ ತನ್ನ ಸ್ವಂತ ಹಣದಿಂದ ಸಂಬಳ ಕೊಟ್ಟು ಒಬ್ಬ ಉಪಕರಣಗಾರನನ್ನೇ ಕರೆದುಕೊಂಡು ಹೋದನು.

ಹಡಗಿನ ಹಿಂಭಾಗದಲ್ಲಿದ್ದ ಕೋಣೆ ನಕ್ಷೆ ಬರೆಯುವವರದು. ಹತ್ತು ಅಡಿಗೆ ಹನ್ನೊಂದು ಅಡಿ ಇದ್ದಿರಬಹುದು. ಅದರ ನಡುವೆ ದೊಡ್ಡದೊಂದು ಮೇಜು. ಕೋಣೆಯನ್ನು ತೂರಿಕೊಂಡು ಕೆಳಗಿಳಿಯುತ್ತಿದ್ದುದು, ಹಿಂದೆ ಹೇಳಿದ, ಆ ಮೂರನೆಯ ಕೂವೆಮರ. ಇಲ್ಲಿ ಇಬ್ಬರು ನೌಕಾ ತರುಣರೊಡನೆ ಇಪ್ಪತ್ತೆರಡರ ಡಾರ್ವಿನ್ನನಿಗೆ ಒಂದು ಮೂಲೆ ಸಿಕ್ಕಿತು. ರಾತ್ರಿ ಆತನು ಮೇಜಿನ ಮೇಲುಗಡೆ ತೂಗುಮಂಚ ಕಟ್ಟಿ ಮಲಗುತ್ತಿದ್ದನು. ಆರಡಿಯ ಆಳು; ಕಾಲು ಚಾಚಲು ಜಾಗ ಸಾಲದೆ ಗೋಡೆಯ ಬೀರುವಿನ ಒಂದು ಸೆಳೆಖಾನೆಯನ್ನು ಕಿತ್ತು ಆ ಸಂದಿಗೆ ಪಾದಗಳನ್ನು ತೂರಿಸಬೇಕಾಯಿತು. ಜೀವವಿಕಾಸದ ವಿಚಾರ ಮುಂದೆ ಯಾವ ಟಿಪ್ಪಣಿಗಳಿಂದ ಬೆಳೆಯಿತೋ ಆ ಟಿಪ್ಪಣಿಗಳಲ್ಲಿ ಎಷ್ಟೋ ಈ ಮೇಜಿನ ಒಂದು ಅಂಚಿನಲ್ಲಿ ಬರೆದವು.

1831ರ ದುರಸ್ತಿಗೆ ಬಿದ್ದ ಖರ್ಚು 7,583 ಪೌಂಡು. ಹೊಸ ಹಡಗಿನ ಬೆಲೆಗೆ ಇನ್ನೂರಿಪ್ಪತ್ತು ಪೌಂಡು ಮಾತ್ರ ಕಡಮೆ. ಎರಡು ಮಾರ್ಪಾಟುಗಳ ಲೆಕ್ಕ ಕೂಡಿಸಿದರೆ 13,496 ಪೌಂಡಾಗುತ್ತದೆ. ಈ ಹಣದಲ್ಲಿ ಹೊಸ ಹಡಗನ್ನೇ ಕಟ್ಟಬಹುದಾಗಿತ್ತಲ್ಲ ಎಂದು ಲೆಕ್ಕಪತ್ರದವರು ಕೇಳಿದ್ದರೆ ತಪ್ಪೆನ್ನುವಂತಿಲ್ಲ.

1831ನೆಯ ಡಿಸೆಂಬರ್ 27ರಂದು ಹಡಗು ಪ್ಲಿಮತ್ತಿನಿಂದ ಹೊರಟಿತು. ಬಡಗಿಗಳ ಕೆಲಸಕ್ಕೆ ನಿಜವಾದ ಪರೀಕ್ಷೆ ಒದಗಿದ್ದು 1833ರ ಜನವರಿ 13ರಂದು, ದಕ್ಷಿಣ ಅಮೆರಿಕದ ತುತ್ತತುದಿಯಾದ ಹಾರ್ನ್ ಭೂಶಿರದ ಬಳಿ. ಹಲವು ದಿನಗಳಿಂದ ಬೀಸುತ್ತಿದ್ದ ಬಿರುಗಾಳಿ ಅಂದು ಅತಿರೇಕಕ್ಕೇರಿತು. ಮಧ್ಯಾಹ್ನದ ಹೊತ್ತಿಗೆ ಒಂದರ ಹಿಂದೆ ಒಂದಾಗಿ ಮೂರು ಹೆದ್ದೆರೆಗಳು ಎದ್ದು ಬಂದುವು. ಮೊದಲನೆಯದು ಹಡಗಿನ ಓಟವನ್ನು ತಡೆಯಿತು. ಎರಡನೆಯದು ಮೂತಿಯನ್ನು ತಿರುಗಿಸಿ ಹಡಗನ್ನು ಗಾಳಿಗೆ ಅಡ್ಡ ನಿಲ್ಲಿಸಿತು. ಮೂರನೆಯದು ಪಕ್ಕಕ್ಕೆ ಅಪ್ಪಳಿಸಿ ಮೇಲಟ್ಟವನ್ನು ತುಂಬಿತು. ಒಂದು ಬದಿಯ ಮೋಟುಗೋಡೆ ಎರಡುಮೂರು ಅಡಿ ನೀರಿನೊಳಗೆ ಹೋಯಿತು. ಆ ಬದಿಗೆ ತೂಗಹಾಕಿದ್ದ ದೋಣಿ ಕೊಚ್ಚಿಹೋಯಿತು. ಲೆಫ್ಟಿನೆಂಟ್ ಸಲಿವನ್ನನೂ ಹಡಗಿನ ಬಡಗಿಯೂ ಸೊಂಟಮಟ್ಟದ ನೀರಿನಲ್ಲಿ ನಿಂತು, ಮೋಟುಗೋಡೆಯಲ್ಲಿದ್ದ ಫಿರಂಗಿಕಿಂಡಿಯ ಬಾಗಿಲನ್ನು ಸನಿಕೆಯಂಥ ಮರದ ಗೂಟದಿಂದ ಮೀಟಿ ಒಡೆದರು. ನೀರು ಹೊರಕ್ಕೆ ಧುಮುಕಿತು. ಹಡಗು ಒಂದು ಗಳಿಗೆ ನಡುಗಿ, ಮೆಲ್ಲನೆ ತಲೆಯೆತ್ತಿ ನಿಂತಿತು. ಇನ್ನೊಂದು ಅಲೆ ಬಂದಿದ್ದರೆ, ತನ್ನ ವರ್ಗದ ಎಷ್ಟೋ ಹಡಗುಗಳಂತೆ ಇದೂ ಮರೆಯಾಗಿಹೋಗುತ್ತಿದ್ದಿತೆಂದು ಫಿಟ್ಸ್‌ರಾಯ್ ಬರೆದಿದ್ದಾನೆ. ಹಳೆಯ ಅಟ್ಟವೇ ಇದ್ದಿದ್ದರೆ ನಾಲ್ಕನೆಯ ಅಲೆ ಬೇಕಾಗುತ್ತಿತ್ತೆ? ತೊಟ್ಟಿಯ ಲೆಕ್ಕವನ್ನು ಮೇಲೆ ಮಾಡಿ ತೋರಿಸಿದೆ. ಉತ್ತರವನ್ನು ವಾಚಕರೇ ಊಹಿಸಬಹುದು. ಡಾರ್ವಿನ್ನನಿಗೆ ಅಂದು ಆದ ನಷ್ಟವೆಂದರೆ, ಒಣಗಿಸಿಟ್ಟಿದ್ದ ಗಿಡಗಳೂ ಅವನ್ನು ಒಣಗಿಸುವ ಕಾಗದಗಳೂ ಉಪ್ಪುನೀರಿನಲ್ಲಿ ನೆನೆದುಹೋದದ್ದು. ಆತನು ಅದಕ್ಕಾಗಿ ಬಹಳ ಮರುಗಿದನು.

ಮುಂದಿನ ವರ್ಷ ತಳದ ಸರದಿ. ಹಡಗಿನ ಅಡಿ ಬಂಡೆಯೊಂದಕ್ಕೆ ತಾಗಿದ್ದಿತು. ಎಷ್ಟು ಪೆಟ್ಟಾಗಿದೆಯೋ ನೋಡಬೇಕು. ಹತ್ತಿರದಲ್ಲಿ ಹಡಗುಕಟ್ಟೆಯಿಲ್ಲ. 1834ರ ಏಪ್ರಿಲಿನಲ್ಲಿ ಪ್ಯಾಟಗೋನಿಯದ ಸಾಂಟ ಕ್ರೂಸ್ ನದೀಮುಖದಲ್ಲಿ, ಭರತದ ನೀರಿನಲ್ಲಿ ಹಡಗನ್ನು ದಡಕ್ಕೆ ತಂದು, ಇಳಿತಕ್ಕಾಗಿ ಕಾದರು. ನೀರು ಇಳಿದಾಗ ಹಡಗು ಮರಳಿನ ಮೇಲೆ ಒಂದು ಪಕ್ಕಕ್ಕೆ ಒರಗಿ ನಿಂತಿತು. ಅಡಿಯ ಉದ್ದಮರಕ್ಕೆ ರಕ್ಷಣೆಯಾಗಿ ಜೋಡಿಸಿದ್ದ ತೊಲೆಯ ತುಂಡೊಂದು ಕಿತ್ತುಹೋಗಿದ್ದಿತು. ತಾಮ್ರದ ಕೆಲವು ತಗಡುಗಳು ಸವೆದಿದ್ದುವು. ಒಳಗಿನ ಹಲಗೆ ಭದ್ರವಾಗಿತ್ತು. ಮುಂದಿನ ಭರತ ಬರುವುದರೊಳಗೆ ಬಡಗಿ ಎಲ್ಲವನ್ನೂ ಸರಿಪಡಿಸಿದನು.

ಹಡಗು ಇಂಗ್ಲೆಂಡಿಗೆ ಮರಳಿದ್ದು 1836ರ ಅಕ್ಟೋಬರ್ 2ರಂದು. 22 ಗಡಿಯಾರಗಳಲ್ಲಿ ಹನ್ನೊಂದು ಇನ್ನೂ ಚೆನ್ನಾಗಿ ನಡೆಯುತ್ತಿದ್ದುವು. ಊರಿಂದೂರಿಗೆ ಅಳೆದ ಹೊತ್ತಿನ ಅಂತರಗಳನ್ನೆಲ್ಲ ಸರಪಳಿಯಂತೆ ಕೂಡಿಸಿದರೆ, ಭೂಮಿಯನ್ನು ಪೂರ್ತಿ ಸುತ್ತಿ ಬಂದುದರಿಂದ, ಮೊತ್ತವು ಸರಿಯಾಗಿ 24 ಗಂಟೆ ಆಗಬೇಕು. ಬಂದದ್ದು 24 ಗಂಟೆಯ ಮೇಲೆ ಸುಮಾರು 33 ಸೆಕೆಂಡು. ಭೂಮಧ್ಯರೇಖೆಯ ಮೇಲೆ ಒಂದು ಸೆಕೆಂಡೆಂದರೆ 464 ಮೀಟರು. ಎಂದರೆ, ಸುಮಾರು 40,000 ಕಿಲೋಮೀಟರಿನ ಸುತ್ತಳತೆಯಲ್ಲಿ ತಪ್ಪು 15 ಕಿಲೋಮೀಟರು. ಮರದ ಹೊಟ್ಟಿನಲ್ಲಿ ಹುಗಿದ ಗಡಿಯಾರಗಳಿಗೆ ಇದು ಸಾಮಾನ್ಯವಾದ ಸಾಧನೆಯೆ?

ಬೀಗಲ್ ಮೂರನೆಯ ಸಲ 1837ರಿಂದ 1843ರ ವರೆಗೆ ಆಸ್ಟ್ರೇಲಿಯದ ಕರಾವಳಿಯನ್ನು ಅಳೆಯಿತು. 1839ರಲ್ಲಿ ಅಲ್ಲಿಯ ಬಡಗಣ ತೀರದ ಬಂದರೊಂದಕ್ಕೆ ಹಡಗಿನ ಹಳೆಯ ಗೆಳೆಯನಾದ ಡಾರ್ವಿನ್ನನ ಹೆಸರನ್ನು ಇಟ್ಟರು; ಇಂದಿನ ಡಾರ್ವಿನ್ ನಗರ ಅದೇ. ಆಮೇಲೆ 1845ರಲ್ಲಿ ಹಡಗಿಗೆ ಮತ್ತೊಂದು ಕಸಬು. ಎಸೆಕ್ಸ್ ಪ್ರಾಂತದ ರೋಚ್ ನದಿಯಲ್ಲಿ, ಪ್ಯಾಗಲ್‌ಷಮ್ ಹಳ್ಳಿಯ ಬಳಿ, ಅದನ್ನು ಕಳ್ಳಸಾಗಣೆಯವರ ಮೇಲೆ ಕಣ್ಣಿಡುವ ಕಾವಲು ನಾವೆಯಾಗಿ ನಿಲ್ಲಿಸಿದರು. ಕಡಲನ್ನು ಸುತ್ತಿದ ಹಡಗು ತೇಲುವ ಮನೆಯಾಯಿತು. ಕಾವಲಿನವರ ಹೆಂಡಿರು ಮಕ್ಕಳೂ ಅಲ್ಲಿಯೇ ಸಂಸಾರ ಹೂಡಿದರು. ನದಿಗೆ ಇದು ಅಡ್ಡವಾಗಿದೆ, ಮುತ್ತಿನಚಿಪ್ಪಿನ ಬಳಗದ ಆಯ್‌ಸ್ಟರ್ ಸಾಕಣೆಗೆ ತೊಂದರೆಯಾಗಿದೆ ಎಂದು ಅಲ್ಲಿಯ ವ್ಯಾಪಾರಿಗಳು ದೂರಿಕೊಂಡ ಮೇಲೆ ಅದನ್ನು ದಡದ ಕಡೆಗೆ ಸರಿಸಿದರು. 1863ರಲ್ಲಿ ಹೆಸರನ್ನೂ ಕಿತ್ತುಕೊಂಡು, ಕಾವಲು ನಾವೆ ನಂಬರು 7 ಎಂದು ದಾಖಲೆಯಲ್ಲಿ ಬರೆದರು. 1870ರಲ್ಲಿ ಒಡೆದು ಮರ ಮಾರುವವರಿಗೆ 525 ಪೌಂಡಿಗೆ ಕೊಟ್ಟುಬಿಟ್ಟರು. ಡಾರ್ವಿನ್ನನ ‘ಜೀವಜಾತಿಗಳ ಉಗಮ’ ಹೊರಬಂದು ಅಷ್ಟರಲ್ಲಿ ಹನ್ನೊಂದು ವರ್ಷಗಳಾಗಿದ್ದುವು. ಆದರೂ ಒಂದು ಹಲಗೆಯನ್ನಾದರೂ ಉಳಿಸಬೇಕೆಂದು ಯಾರಿಗೂ ತೋರಿದಂತಿಲ್ಲ.

ಹೆಸರು ಮಾತ್ರ ಇನ್ನೊಮ್ಮೆ ಯಾನಕ್ಕೆ ಹೊರಟಿತು. ಕಾಲಿನ್ ಪಿಲಿಂಜರ್ ಎಂಬ ಇಂಗ್ಲಿಷ್ ವಿಜ್ಞಾನಿಯ ಮುಂದಾಳುತನದಲ್ಲಿ ಮಂಗಳಗ್ರಹಕ್ಕೆ ಕಳುಹಿಸಿದ ಬೀಗಲ್ 2 ಎಂಬ ಯಂತ್ರನೌಕೆ 2003ರ ಡಿಸೆಂಬರ್ 25ರಂದು ಅಲ್ಲಿ ಇಳಿದು ಮೌನವಾಯಿತು. ಅದು ಒಡೆಯದೆ ಇಳಿದಿದ್ದುದು, ಸೌರಫಲಕಗಳು ಪೂರ್ತಿ ಬಿಚ್ಚಿಕೊಳ್ಳದೆ ಹೋದದ್ದು 2015ರಲ್ಲಿ ಛಾಯಾಚಿತ್ರಗಳಿಂದ ತಿಳಿದುಬಂದಿತು. ಅದೇ ಪಿಲಿಂಜರನ ಆಸಕ್ತಿಯಿಂದ ಹಳೆಯ ಹಡಗಿನ ಶೋಧನೆಯೂ ನಡೆಯಿತು. ಹಳೆಯ ನಕ್ಷೆಗಳು, ರಾಡಾರು, ಆಮೇಲೆ ಆಕಾಶದಿಂದ ತೆಗೆದ ಚಿತ್ರಗಳು, ಇವುಗಳ ಸಹಾಯದಿಂದ ಪ್ಯಾಗಲ್‌ಷಮ್ಮಿನ ಜವುಗಿನಲ್ಲಿ ಆಯತಾಕಾರದ ಒಂದು ತೋಡಿನ ಗುರುತು ಸಿಕ್ಕಿತು. ಹಡಗನ್ನು ಎಳೆದು ನಿಲ್ಲಿಸಲು ಕೆಸರಿನಲ್ಲಿ ಅಗೆದಿದ್ದ ಕಟ್ಟೆಯದು. 2020ರಲ್ಲಿ ಅದನ್ನು ರಕ್ಷಿತ ಸ್ಮಾರಕವೆಂದು ಘೋಷಿಸಿದರು. ಭರತ ಬಂದಾಗ ಆ ತೋಡು ತುಂಬುತ್ತದೆ. ಇಳಿತದಲ್ಲಿ ಕೆಸರು ಕಾಣುತ್ತದೆ.